ಈ ಸಲ ಅಕ್ಕತಂಗಿಯರಿಗೆ ಗೌರಿ ಬಾಗಿನದ ಹಣ ಕಳುಹಿಸಲಾಗುತ್ತಿಲ್ಲ. ಹಬ್ಬವನ್ನು ಮನಸಾರೆ ಮಾಡುವುದು ಹೇಗೆ?

ಕಲ್ಪತರು ನಾಡಿನವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನ ಹತ್ತಿರದ ಹಳ್ಳಿಯವನು. ಹನ್ನೊಂದು ವರ್ಷಗಳಿಂದ ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಆಪರೇಟರ್ ಆಗಿದ್ದೆ. ಆರ್ಡರ್ ಇಲ್ಲವೆಂಬ ಕಾರಣ ನೀಡಿ ಆಷಾಢದಲ್ಲಿ ನಮ್ಮ ಪಾಳಿಯ ಅರ್ಧದಷ್ಟು ಜನರನ್ನು ಬಿಡಿಸಿದರು. ಈಗ ಪರಿಚಯದವರೊಬ್ಬರ ವರ್ಕ್‌ಶಾಪಿನಲ್ಲಿ ವಾರಕ್ಕೆ ಮೂರು ನಾಲ್ಕು ದಿನ ದಿನಗೂಲಿಯ ಮೇಲೆ ಕೆಲಸ ಸಿಗುತ್ತಿದೆ. ಮನೆ ಬಾಡಿಗೆ 8,500 ರೂಪಾಯಿ ಕೊಟ್ಟು, ಮಗಳ ಶಾಲೆಯ ಕಂತು ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು ದಿನಸಿಗೆ ಮಾತ್ರ ಸಾಕಾಗುತ್ತದೆ.

ಗೌರಿ ಹಬ್ಬಕ್ಕೆ ಇನ್ನು ಹದಿನೈದು ದಿನಗಳಿವೆ. ನನಗೆ ಒಬ್ಬ ಅಕ್ಕ, ಒಬ್ಬ ತಂಗಿ; ಇಬ್ಬರಿಗೂ ಮದುವೆಯಾಗಿದೆ. ಅಪ್ಪನಿಗೆ ವಯಸ್ಸಾದ ಮೇಲೆ ಇಬ್ಬರಿಗೂ ತಲಾ ಒಂದು ಸೀರೆಯನ್ನು ಕೊಡಿಸುವುದೂ, ಬಾಗಿನಕ್ಕೆಂದು 1,001 ರೂಪಾಯಿ ಕಳುಹಿಸುವುದೂ ನನ್ನ ಪಾಲಿಗೆ ಬಂದಿತು. ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಅದು ತಪ್ಪಿಲ್ಲ. ಸೀರೆ, ಬಾಗಿನದ ಹಣ, ನಮ್ಮ ಮನೆಯ ಪೂಜೆ, ಹೂವು ಹಣ್ಣು, ಊರಿಗೆ ಹೋಗಿ ಬರುವ ಖರ್ಚು ಎಲ್ಲವನ್ನೂ ಕೂಡಿಸಿದರೆ 12,000 ರೂಪಾಯಿ ದಾಟುತ್ತದೆ. ನನ್ನ ಹೆಂಡತಿ ತನ್ನ ಓಲೆಯನ್ನು ಅಡವಿಡೋಣವೆನ್ನುತ್ತಾಳೆ. ನನ್ನ ಸ್ನೇಹಿತನೊಬ್ಬ ಕೈಸಾಲ ಕೊಡಿಸುತ್ತೇನೆನ್ನುತ್ತಾನೆ. ಅಮ್ಮನಿಗೆ ಕೆಲಸ ಹೋದ ವಿಷಯವನ್ನೇ ಹೇಳಿಲ್ಲ.

ಹಣಕ್ಕಿಂತಲೂ ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದು ವಿಚಾರ. ಇರುವುದಕ್ಕೆ ದೇವರಿಗೆ ಕೈಮುಗಿದು ಹಬ್ಬ ಮಾಡು ಎಂದು ಎಲ್ಲರೂ ಹೇಳುತ್ತಾರೆ. ಆರೋಗ್ಯವಾಗಿರುವ ಅಪ್ಪ ಅಮ್ಮ, ಓದುವ ಮಗಳು, ಜೊತೆಗೆ ನಿಂತ ಹೆಂಡತಿ, ಇವೆಲ್ಲ ನನಗಿವೆ ಎಂಬುದು ಗೊತ್ತಿದೆ. ಆದರೆ ದೇವರ ಮುಂದೆ ನಿಂತಾಗ ಅದನ್ನೆಲ್ಲ ಎಣಿಸಿಕೊಳ್ಳುವುದು ನನಗೆ ನಾನೇ ಸುಳ್ಳು ಹೇಳಿಕೊಂಡಂತೆ ಅನ್ನಿಸುತ್ತದೆ. ಇಂಥ ವರ್ಷವನ್ನು ಕಂಡವರು ನಿಮ್ಮಲ್ಲಿದ್ದರೆ ಹಬ್ಬವನ್ನು ಹೇಗೆ ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಹೊಳೆಸಾಲಿನ ಹೆಣ್ಣುಮಗಳು

ತಮ್ಮಾ, ನಾನು ಬಾಗಿನದ ಹಣವನ್ನು ಎದುರು ನೋಡುತ್ತಿದ್ದ ಪಂಗಡಕ್ಕೆ ಸೇರಿದವಳು. ಆದ್ದರಿಂದ ನಿಮ್ಮ ಅಕ್ಕನ ಕಡೆಯಿಂದ ಬರೆಯುತ್ತೇನೆ.

ನಾನು ಮದುವೆಯಾಗಿ ಹಾಸನ ಜಿಲ್ಲೆಗೆ ಬಂದ ಕಾಲದಲ್ಲಿ ತವರಿನ ಹಣ ಮನಿಯಾರ್ಡರಿನಲ್ಲಿ ಬರುತ್ತಿತ್ತು. ನಮ್ಮಪ್ಪ 25 ರೂಪಾಯಿ ಕಳುಹಿಸುತ್ತಿದ್ದರು. ಮಳೆ ಕೈಕೊಟ್ಟ ಒಂದು ವರ್ಷ ಅಂಚೆಯವರು ಜಗಲಿಯ ಮೇಲೆ ಕುಳಿತು ಎಣಿಸಿಕೊಟ್ಟದ್ದು ಐದೇ ರೂಪಾಯಿ. ಮನಿಯಾರ್ಡರ್ ಫಾರಂನ ಕೆಳಗೆ ನಾಲ್ಕು ಮಾತು ಬರೆಯಲು ಒಂದಿಷ್ಟು ಜಾಗವಿರುತ್ತಿದ್ದುದು ಹಳಬರಿಗೆ ನೆನಪಿರಬಹುದು. ಆ ಚೀಟಿಯನ್ನು ಹರಿದು ನಮ್ಮ ಕೈಗೆ ಕೊಡುತ್ತಿದ್ದರು. ನಮ್ಮಪ್ಪ ಅದರಲ್ಲಿ ಎಂದೂ ಏನನ್ನೂ ಬರೆಯುತ್ತಿರಲಿಲ್ಲ. ಆ ವರ್ಷ ಮಾತ್ರ, ‘ರಾಗಿ ಕೈಗೆ ಹತ್ತಲಿಲ್ಲ. ಬಳೆಗೆ ಕಳಿಸಿದ್ದೇನೆ. ಹಬ್ಬಕ್ಕೆ ಬಾ’ ಎಂದು ಬರೆದಿದ್ದರು. ಪ್ರತಿ ವರ್ಷ ಬಂದ 25 ರೂಪಾಯಿ ಯಾವುದಕ್ಕೆ ಖರ್ಚಾಯಿತೋ ನನಗೆ ನೆನಪಿಲ್ಲ, ಆದರೆ ಆ ಐದು ರೂಪಾಯಿಗೆ ಕರಿಬಳೆ ತೊಟ್ಟುಕೊಂಡದ್ದು ನೆನಪಿದೆ. ಚೀಟಿ ಇಂದಿಗೂ ನನ್ನ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿದೆ.

ಬಾಗಿನವನ್ನು ನೋಡಿ ತವರನ್ನು ಅಳೆಯುವ ಮನೆಗಳಿಲ್ಲವೆಂದು ನಾನು ಹೇಳುವುದಿಲ್ಲ. ಅಂಥ ಮಾತನ್ನು ನಾನೂ ಕೇಳಿದ್ದೇನೆ. ನಿಮ್ಮ ಅಕ್ಕತಂಗಿಯರ ಮನೆಗಳು ಹಾಗಿದ್ದರೆ ವಿಷಯವನ್ನು ಅವರಿಗೆ ಮೊದಲೇ ತಿಳಿಸುವುದು ಇನ್ನೂ ಮುಖ್ಯ, ಏಕೆಂದರೆ ಅತ್ತೆಯ ಮನೆಯಲ್ಲಿ ಉತ್ತರ ಕೊಡಬೇಕಾದವರು ಅವರು. ಇನ್ನೊಂದು ಮಾತು. ಮೊರದ ಬಾಗಿನದಲ್ಲಿ ಇರುವುದಾದರೂ ಏನು? ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ಕಾಯಿ, ಅರಿಶಿನ ಕುಂಕುಮ, ಬಳೆ ಬಿಚ್ಚೋಲೆ, ಪುಟ್ಟ ಕನ್ನಡಿ, ಬಾಚಣಿಗೆ, ರವಿಕೆ ಕಣ. ರೇಷ್ಮೆ ಸೀರೆಯನ್ನು ನಾವು ಆಮೇಲೆ ಸೇರಿಸಿಕೊಂಡೆವು. ಅಲ್ಲದೆ ಬಾಗಿನ ಕೊಡುವವಳು ಹೆಣ್ಣುಮಗಳೇ. ನಮ್ಮ ಕಡೆ ಒಂದು ಜೊತೆ ಮೊರವನ್ನು ತಾಯಿಗೆಂದೇ ತೆಗೆದಿಡುತ್ತಾರೆ. ತವರಿನವರು ಕೊಡುವುದು ಮಾತ್ರವೆಂದು ಯಾರು ಹೇಳಿದರು?

ಲೆಕ್ಕದ ಪುಸ್ತಕ

ಧನ್ಯತೆಯ ವಿಚಾರ ನನಗೆ ಹೆಚ್ಚು ತಿಳಿಯದು; ಬಡ್ಡಿಯ ವಿಚಾರ ಸ್ವಲ್ಪ ತಿಳಿದಿದೆ. ಪತ್ತಿನ ಸಹಕಾರ ಸಂಘವೊಂದರಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರದಿಂದ ಗಣೇಶನ ಹಬ್ಬದವರೆಗೆ ಒಡವೆ ಸಾಲದ ಮೇಜಿನ ಮುಂದೆ ನಿಲ್ಲುವ ಸಾಲನ್ನು ಪ್ರತಿ ವರ್ಷ ನೋಡುತ್ತಿದ್ದೆ. ಲಕ್ಷ್ಮಿಯನ್ನು ಮನೆಗೆ ಕರೆಯಲು ಕಿವಿಯ ಲಕ್ಷ್ಮಿಯನ್ನು ಕಳಚಿ ಕೊಡುವ ಈ ಪದ್ಧತಿಯನ್ನು ಅಷ್ಟು ವರ್ಷ ಕಂಡರೂ ನನಗೆ ಅದು ಅಭ್ಯಾಸವಾಗಲಿಲ್ಲ.

ನಿಮ್ಮ ಸ್ನೇಹಿತರು ಕೊಡಿಸುವ ಕೈಸಾಲಕ್ಕೆ ಬಡ್ಡಿ ಎಷ್ಟೆಂದು ನೀವು ಬರೆದಿಲ್ಲ. ತಿಂಗಳಿಗೆ ನೂರಕ್ಕೆ ಐದರಂತೆ ಎಂದಿಟ್ಟುಕೊಂಡರೆ 12,000 ರೂಪಾಯಿಗೆ ತಿಂಗಳ ಬಡ್ಡಿ 600 ರೂಪಾಯಿ. ಭಾದ್ರಪದದಲ್ಲಿ ತೆಗೆದುಕೊಂಡ ಸಾಲದ ಅಸಲು ಯುಗಾದಿಯವರೆಗೆ ತೀರದೆ ನಿಂತರೆ ಆ ಏಳು ತಿಂಗಳಿಗೆ 4,200 ರೂಪಾಯಿ ಬಡ್ಡಿಯೇ ಆಗುತ್ತದೆ. ಅಷ್ಟರಲ್ಲಿ ಎರಡು ಸೀರೆ ಬರುತ್ತಿತ್ತು. ಮೊಬೈಲ್ ಆ್ಯಪ್‌ಗಳ ಸಾಲದ ಹತ್ತಿರಕ್ಕಂತೂ ಹೋಗಲೇಬೇಡಿ.

ನಿಮಗೆ ನಿಜವಾಗಿ ಉಪಯೋಗವಾಗಬಹುದಾದ ವಿಷಯ ಬೇರೆ ಇದೆ. ಕಾರ್ಖಾನೆಯಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದು, ನಿಮ್ಮ ಸಂಬಳ ಕಾನೂನಿನ ಮಿತಿಯೊಳಗಿದ್ದರೆ, ಲೆಕ್ಕದ ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿದವರಿಗೂ ಬೋನಸ್ ಸಲ್ಲಬೇಕು. ಅದರ ಕನಿಷ್ಠ ದರ ಶೇ. 8.33. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಅದನ್ನು ಕೊಡಬೇಕು. ಮಾರ್ಚ್‌ಗೆ ಲೆಕ್ಕ ಮುಗಿಸುವ ಕಡೆ ನವೆಂಬರ್ ಕೊನೆಯವರೆಗೆ ಅವಧಿಯಿರುತ್ತದೆ. ಕಳೆದ ಮಾರ್ಚ್‌ವರೆಗಿನ ಇಡೀ ವರ್ಷ ನೀವು ಕೆಲಸ ಮಾಡಿದ್ದೀರಿ. ಆಷಾಢದಲ್ಲಿ ಬಿಡಿಸಿದರೆಂಬ ಕಾರಣಕ್ಕೆ ಆ ಹಣ ಇಲ್ಲವಾಗುವುದಿಲ್ಲ. ಹಬ್ಬಕ್ಕೆ ಅದು ಕೈಸೇರಲಾರದು, ಆದರೂ ಈಗಲೇ ಲಿಖಿತವಾಗಿ ಕೇಳಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ಊರಿಗೆ ಹೋಗುವಾಗ ಕೆಂಪು ಬಸ್ಸನ್ನೇ ಹಿಡಿಯಿರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ನಿಮ್ಮ ಹೆಂಡತಿಗೂ ಮಗಳಿಗೂ ಟಿಕೆಟ್ ಹಣವಿಲ್ಲ. ಅಕ್ಕತಂಗಿಯರೂ ಹಾಗೆಯೇ ಬರಬಹುದು. ಮನೆಯಲ್ಲಿ ಹಣ ಕೊಟ್ಟು ಟಿಕೆಟ್ ಪಡೆಯುವವರು ನೀವು ಮತ್ತು ನಿಮ್ಮ ಭಾವಂದಿರು ಮಾತ್ರ.

ನಿವೃತ್ತ ಮೇಷ್ಟ್ರು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರ ಕೊನೆಯ ಮಾತಿಗೆ ಯಾರೂ ಉತ್ತರಿಸಿಲ್ಲ. ಇರುವುದಕ್ಕೆ ಕೈಮುಗಿ ಎಂಬುದು ಸಾಮಾನ್ಯವಾಗಿ ಇರುವವರು ಇಲ್ಲದವರಿಗೆ ಹೇಳುವ ಮಾತು. ಅದನ್ನು ಕೇಳಿ ನಿಮಗೆ ಮುಜುಗರವಾಗಿದ್ದರೆ ತಪ್ಪು ನಿಮ್ಮದಲ್ಲ. ಹನ್ನೊಂದು ವರ್ಷ ದುಡಿದವನನ್ನು ಒಂದು ದಿನದಲ್ಲಿ ಬಿಡಿಸಿದ್ದಕ್ಕೆ ಸಿಟ್ಟು ಬಂದಿರುವುದು ನ್ಯಾಯವಾದದ್ದು, ಹಬ್ಬದ ದಿನ ಅದನ್ನು ನುಂಗಿಕೊಳ್ಳಬೇಕೆಂದು ಯಾವ ವ್ರತದಲ್ಲೂ ಹೇಳಿಲ್ಲ.

ನಮ್ಮ ತಂದೆ ಪ್ರತಿ ದೀಪಾವಳಿಗೂ ಅಂಗಡಿಯಲ್ಲಿ ಸಾಲ ಹೇಳಿ ನಮಗೆ ಬಟ್ಟೆ, ಪಟಾಕಿ ತರುತ್ತಿದ್ದರು. ಮಕ್ಕಳಿಗೆ ತಿಳಿಯಬಾರದೆಂಬುದು ಅವರ ಆಸೆ. ಆದರೆ ಅಮ್ಮ ಸಾಲದ ಒಂದೊಂದು ಕಂತು ತೀರಿದಾಗಲೂ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದಳು, ಒಲೆಯ ಮುಂದೆ ಊಟಕ್ಕೆ ಕುಳಿತ ನಾವು ಅದನ್ನು ಎಣಿಸುತ್ತಿದ್ದೆವು. ಹೊಸ ಅಂಗಿ ಹಾಕಿಕೊಂಡು ಸಂತೋಷಪಟ್ಟಂತೆ ತೋರಿಸಿಕೊಳ್ಳುವುದು ನನಗೆ ಏಳನೆಯ ವಯಸ್ಸಿಗೇ ಬರುತ್ತಿತ್ತು. ಅಪ್ಪ ನಮಗಾಗಿ ನಟಿಸುತ್ತಿದ್ದರು, ನಾವು ಅಪ್ಪನಿಗಾಗಿ ನಟಿಸುತ್ತಿದ್ದೆವು. ಹಬ್ಬ ಮುಗಿದ ಮೇಲೆ ಇಬ್ಬರಿಗೂ ದಣಿವು. ನಿಮ್ಮ ಮಗಳಿಗೆ ಏನೂ ಗೊತ್ತಿಲ್ಲವೆಂದು ತಿಳಿಯಬೇಡಿ. ಅಮ್ಮನಿಗೂ ಗೊತ್ತಿರಬಹುದು. ಮೊದಲು ಹೇಳಿಬಿಡಿ. ಧನ್ಯತೆಯೋ ಇನ್ನೊಂದೋ, ಬರುವುದಿದ್ದರೆ ಆಮೇಲೆ ತಾನಾಗಿ ಬರುತ್ತದೆ.

ಕಲ್ಪತರು ನಾಡಿನವ

ಹಬ್ಬ ಮುಗಿದು ಹತ್ತು ದಿನಗಳಾದ ಮೇಲೆ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ.

ಮೇಷ್ಟ್ರ ಮಾತನ್ನು ಓದಿದ ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿದೆ. ಒಂದು ವಿಷಯ ಹೇಳಬೇಕೆಂದಾಗ ಆಕೆ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ಹೇಳಿ ಮುಗಿಸಿದ ಮೇಲೆ, “ಅಷ್ಟೇನಾ? ನಾನೇನೋ ಅಪ್ಪಂಗೆ ಹುಷಾರಿಲ್ವೇನೋ ಅಂದ್ಕೊಂಡೆ ಕಣೋ” ಎಂದಳು. ಒಂದೂವರೆ ತಿಂಗಳು ನಾನು ಹೊತ್ತು ತಿರುಗಿದ್ದು ಆಕೆಗೆ ‘ಅಷ್ಟೇ’ ಆಗಿತ್ತು! ಒಂದು ಕ್ಷಣ ಕೋಪವೂ ಬಂದಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ಇಬ್ಬರಿಗೂ ತಲಾ 101 ರೂಪಾಯಿಯನ್ನು ಫೋನಿನಿಂದಲೇ ಕಳುಹಿಸಿದೆ. ಹಣ ಕಳುಹಿಸುವಾಗ ಒಂದು ಸಾಲು ಬರೆಯಲು ಜಾಗವಿರುತ್ತದೆ, ಇಷ್ಟು ವರ್ಷ ಅದನ್ನು ಖಾಲಿ ಬಿಡುತ್ತಿದ್ದೆ. ಹೊಳೆಸಾಲಿನ ಅಕ್ಕನವರ ಚೀಟಿಯನ್ನು ನೆನೆದು, ‘ಬಳೆಗೆ. ಹಬ್ಬಕ್ಕೆ ಬನ್ನಿ’ ಎಂದು ಬರೆದೆ.

ಇಬ್ಬರೂ ಬಂದರು. ತಂಗಿಯ ಗಂಡ ಮಾತ್ರ ಬರಲಿಲ್ಲ. ಅದಕ್ಕೆ ಅವಳು ಹೇಳಿದ ಕಾರಣವನ್ನು ನಾವು ಯಾರೂ ಹೆಚ್ಚು ಕೆದಕಲಿಲ್ಲ. ಅಂಗಡಿಯ ಗೌರಿಯ ಬದಲು ಅಮ್ಮ ಅರಿಶಿನದಲ್ಲಿಯೇ ಗೌರಿಯನ್ನು ಮಾಡಿದಳು, ಹಿತ್ತಿಲಿನ ಹೂವೇ ಸಾಕಾಯಿತು, ಕಡುಬಿಗೆ ನಮ್ಮ ತೋಟದ ಕಾಯಿ. ಅಕ್ಕ ಅಮ್ಮನಿಗೆಂದು ತಂದಿದ್ದ ಬಾಗಿನದ ಮೊರವನ್ನು ತೆರೆದಾಗ ಅದರಲ್ಲಿದ್ದ ಹಸಿರು ರವಿಕೆ ಕಣವನ್ನು ನೋಡಿ ನನ್ನ ಹೆಂಡತಿ ನಕ್ಕುಬಿಟ್ಟಳು. ನಾಲ್ಕು ವರ್ಷದ ಹಿಂದೆ ಅವಳೇ ಅಕ್ಕನಿಗೆ ಕೊಟ್ಟದ್ದಂತೆ ಅದು, ಅಂಚಿನಲ್ಲಿ ಶಾಯಿಯ ಕಲೆ ಇನ್ನೂ ಹಾಗೆಯೇ ಇತ್ತು. ಅಕ್ಕನೂ ನಕ್ಕಳು. ಕೆಲಸ ಹೋದ ಮೇಲೆ ನಮ್ಮ ಮನೆಯವರೆಲ್ಲ ಒಟ್ಟಿಗೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು. ಆ ಹೊತ್ತಿನಲ್ಲಿ ನಾನು ದೇವರ ಮುಂದೆ ನಿಂತಿರಲಿಲ್ಲ, ಏನನ್ನೂ ಎಣಿಸಿಕೊಂಡಿರಲಿಲ್ಲ. ಬಾಗಿಲ ಬಳಿ ಕುಳಿತು ಕಾಯಿ ಸುಲಿಯುತ್ತಿದ್ದೆ. ನಾನು ಇಲ್ಲಿ ಕೇಳಿದ್ದು ಇದನ್ನೇ ಇರಬೇಕು ಎಂದು ಅನ್ನಿಸಿತು.

ಹೊರಡುವ ದಿನ ಅಮ್ಮ ಆ ಮೊರದ ಅಕ್ಕಿ, ಬೇಳೆ, ಬೆಲ್ಲವನ್ನೆಲ್ಲ ನನ್ನ ಹೆಂಡತಿಯ ಚೀಲಕ್ಕೆ ಸುರಿದಳು. ಬೇಡವೆನ್ನಲು ನನ್ನ ಬಾಯಿ ತೆರೆದಿತ್ತು, ಹೆಂಡತಿ ಕಣ್ಣಿನಲ್ಲೇ ತಡೆದಳು. ನಿನ್ನೆಯ ಹುಳಿಗೆ ಹಾಕಿದ್ದು ಆ ಬೇಳೆಯನ್ನೇ. ಓಲೆ ಅವಳ ಕಿವಿಯಲ್ಲಿಯೇ ಇದೆ. ಬೋನಸ್ಸಿಗೆ ಅರ್ಜಿ ಬರೆದುಕೊಟ್ಟು, ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡಿದ್ದೇನೆ. ಅವರಿಂದ ಇನ್ನೂ ಉತ್ತರ ಬಂದಿಲ್ಲ.