ಕರಬೂಜ: ಹೊರಗಿಡಬೇಕಾ, ಫ್ರಿಜ್ಜಿಗಾ?

ಪ್ರಶ್ನೆ: ಗಟ್ಟಿ ಕರಬೂಜ ಹೊರಗಿಟ್ಟರೆ ಸಿಹಿಯಾಗುತ್ತಾ? ಹೆಚ್ಚಿದ್ದನ್ನು ಎಷ್ಟು ದಿನ ಇಡಬಹುದು? ಶುಗರ್ ಇರುವವರು ತಿನ್ನಬಹುದಾ?

ಉತ್ತರ 1: ಸಿಹಿ ಹೆಚ್ಚಲ್ಲ. ಬಾಳೆಹಣ್ಣಿನ ಹಾಗೆ ಇದರಲ್ಲಿ ಸಕ್ಕರೆಯಾಗಲು ಪಿಷ್ಟ ಇರಲ್ಲ. ಬಳ್ಳಿಯಿಂದ ಬಂದ ಮೇಲೆ ತಿರುಳು ಮೆತ್ತಗಾಗಿ ಘಮ ಬರುತ್ತೆ, ಅಷ್ಟೇ. ಹಾಗಾಗಿ ಕೊಳ್ಳುವಾಗಲೇ ತೊಟ್ಟಿನ ಜಾಗ ನೋಡಿ. ನುಣುಪಾದ ಕುಳಿಯಿದ್ದರೆ ಬಲಿತು ತಾನಾಗಿ ಕಳಚಿದ್ದು, ತೊಟ್ಟಿನ ತುಂಡು ಅಂಟಿದ್ದರೆ ಬಹುಮಟ್ಟಿಗೆ ಎಳಸು. ಬಲೆಗೆರೆಗಳ ನಡುವಿನ ಸಿಪ್ಪೆ ಹಳದಿಗೆ ತಿರುಗಿರಬೇಕು.

ಉತ್ತರ 2: ಗಟ್ಟಿ ಹಣ್ಣು 2–3 ದಿನ ಹೊರಗೇ ಇರಲಿ. ಘಮ ಬಂದ ಮೇಲೆ ಫ್ರಿಜ್ಜಲ್ಲಿ 4–5 ದಿನ. ಸೊಪ್ಪಿನ ಪಕ್ಕ ಬೇಡ, ಹಣ್ಣು ಬಿಡುವ ಎಥಿಲೀನ್ ಅನ್ನೋ ಅನಿಲಕ್ಕೆ ಸೊಪ್ಪು ಹಳದಿಯಾಗುತ್ತೆ. ಹಣ್ಣನ್ನು ತೊಳೆದಿಟ್ಟರೆ ತೇವಕ್ಕೆ ಬೂಷ್ಟು ಹಿಡಿಯುತ್ತೆ. ಹೆಚ್ಚುವ ಮುಂಚೆ ಮಾತ್ರ ಹರಿಯುವ ನೀರಲ್ಲಿ ಬ್ರಷ್‌ನಿಂದ ಉಜ್ಜಿ, ಒರೆಸಿ. ಸಿಪ್ಪೆ ಬಿಸಾಡ್ತೀವಲ್ಲ ಅಂತ ಇದನ್ನು ಬಿಡಬೇಡಿ. ಒರಟು ಸಿಪ್ಪೆಯಲ್ಲಿ ಕೂತ ಬ್ಯಾಕ್ಟೀರಿಯಾವನ್ನು ಚಾಕು ತಿರುಳಿಗೆ ಎಳೆಯುತ್ತೆ, ಹುಳಿಯಿಲ್ಲದ ತಿರುಳಲ್ಲಿ ಅದು ಬೇಗ ಬೆಳೆಯುತ್ತೆ. 2011ರಲ್ಲಿ ಅಮೆರಿಕದ ಕೊಲರಾಡೊದ ಕರಬೂಜದಿಂದ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಹರಡಿ 33 ಜನ ಸತ್ತರು. ಹೆಚ್ಚಿದ್ದನ್ನು 2 ಗಂಟೆಯೊಳಗೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗಿಡಿ, 3 ದಿನದಲ್ಲಿ ಮುಗಿಸಿ. ಲೋಳೆ ಬಂದರೆ ಎಸೆಯಿರಿ. ಅರ್ಧ ಹಣ್ಣಾದರೆ ಬೀಜ ತೆಗೆಯದೆ ಇಡಿ, ತಿರುಳು ಒಣಗಲ್ಲ.

ಉತ್ತರ 3: 100 ಗ್ರಾಂನಲ್ಲಿ ಸುಮಾರು 34 ಕ್ಯಾಲೊರಿ, 8 ಗ್ರಾಂ ಸಕ್ಕರೆ, ಶೇ. 90 ನೀರು. ಶುಗರ್ ಇದ್ದರೆ ಒಂದು ಸಣ್ಣ ಬಟ್ಟಲು ಹೋಳು ಸಾಕು, ಬೆಲ್ಲ ಹಾಕಿದ ಪಾನಕ ಬೇಡ. ಕಿತ್ತಳೆ ತಿರುಳಿನದಾದರೆ ಬೀಟಾ ಕ್ಯಾರೋಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ಅಂಶ) ಚೆನ್ನಾಗಿರುತ್ತೆ, ಹಸಿರು ತಿರುಳಿನದರಲ್ಲಿ ತೀರಾ ಕಡಿಮೆ. 100 ಗ್ರಾಂನಲ್ಲಿ ಪೊಟ್ಯಾಸಿಯಂ ಸುಮಾರು 267 ಮಿ.ಗ್ರಾಂ ಇದೆ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ತಿನ್ನಲಿ.