ಪದಚರ್ಚೆ: ಮಿತವ್ಯಯಿ ಮತ್ತು ಜಿಪುಣ (ಫಲಕಕ್ಕೆ, ತುರ್ತು)

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆಂದು ಹಣದ ಬಳಕೆ ಬಗ್ಗೆ ಒಂದು ಗೋಡೆ ಫಲಕ ಕನ್ನಡಕ್ಕೆ ಆಗಬೇಕು. ಎರಡು ಕಾಲಂ. ಎಡಗಡೆ ತಲೆಬರಹ 'ಥ್ರಿಫ್ಟಿ', ಬಲಗಡೆ 'ಸ್ಟಿಂಜಿ'. ಒಂದೊಂದರ ಕೆಳಗೂ ಒಂದು ಸಾಲಿನ ವಿವರಣೆ, ಆಮೇಲೆ ನಾಲ್ಕು ಉದಾಹರಣೆ. ತಲೆಬರಹಕ್ಕೆ ಆರು ಅಕ್ಷರದಷ್ಟು ಜಾಗ, ವಿವರಣೆ ಐದು ಪದ ಮೀರುವಂತಿಲ್ಲ. ಸದ್ಯಕ್ಕೆ 'ಮಿತವ್ಯಯಿ', 'ಜಿಪುಣ' ಎಂದು ಹಾಕಿದ್ದೇನೆ, ಸಮಾಧಾನವಿಲ್ಲ. ಮೊದಲನೆಯದನ್ನು ಮಕ್ಕಳು ಬಾಯಲ್ಲಿ ಆಡುವುದಿಲ್ಲ. ಎರಡನೆಯದು ಗಂಡಸಿಗೆ ಮಾತ್ರ ಹೇಳಿದಂತಿದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಎರಡನ್ನೂ ಪಕ್ಕಪಕ್ಕ ಓದಿದವರು ಒಂದು ಇನ್ನೊಂದರ ಮರ್ಯಾದೆಯ ರೂಪ ಅಂದುಕೊಳ್ಳುತ್ತಾರೆ. ನಾಳೆ ಬೆಳಗ್ಗೆ 10ಕ್ಕೆ ಅಚ್ಚಿಗೆ ಹೋಗಬೇಕು.

* * *

ಮರು: ಮಿತವ್ಯಯಿ ಮತ್ತು ಜಿಪುಣ

'ಮಿತವ್ಯಯ', 'ಜಿಪುಣತನ' ಎಂದು ಹಾಕಿ. ಲಿಂಗದ ರಗಳೆ ಇಲ್ಲ, ಆರು ಅಕ್ಷರದೊಳಗೆ ಕೂರುತ್ತದೆ, ಎರಡೂ ನಿಘಂಟಿನಲ್ಲಿವೆ. 'ಮಿತವ್ಯಯಿ' ಕೃತಕ. ಇಷ್ಟಕ್ಕೆ ಚರ್ಚೆ ಬೇಕಿರಲಿಲ್ಲ.

* * *

ಮರು: ಮರು: ಮಿತವ್ಯಯಿ ಮತ್ತು ಜಿಪುಣ

'ಮಿತವ್ಯಯಿ' ಕೃತಕವಾದರೆ 'ಮಿತಭಾಷಿ', 'ಮಿತಾಹಾರಿ' ಕೂಡ ಕೃತಕವೇ. ಮೂರೂ ಒಂದೇ ಅಚ್ಚಿನವು. ಅವೆರಡು ಬಳಸಿ ಬಳಸಿ ಸವೆದಿವೆ, ಇದು ಸವೆದಿಲ್ಲ, ಅಷ್ಟೇ. ಆದರೆ ಕೇಳಿದವರ ತೊಡಕು ರೂಪದ್ದಲ್ಲ, ಅರ್ಥದ್ದು. ಅದಕ್ಕೆ ಯಾವ ನಿಘಂಟೂ ಉತ್ತರ ಕೊಡುವುದಿಲ್ಲ.

ಫಲಕದ ವಿನ್ಯಾಸದಲ್ಲೇ ಒಂದು ಎಡವಟ್ಟಿದೆ. ಎರಡು ಕಾಲಂ ಎದುರುಬದುರು ನಿಂತರೆ ಎರಡೂ ಒಂದೇ ಅಳತೆಗೋಲಿನ ಎರಡು ಗುರುತು ಎಂದು ಕಾಣುತ್ತದೆ: ಸ್ವಲ್ಪ ಬಿಗಿ ಹಿಡಿದರೆ ಮಿತವ್ಯಯ, ಜಾಸ್ತಿ ಬಿಗಿ ಹಿಡಿದರೆ ಜಿಪುಣತನ. ಹಾಗಲ್ಲ. ಎರಡರ ವಿರುದ್ಧ ಪದ ಹುಡುಕಿ ನೋಡಿ. ಮಿತವ್ಯಯಕ್ಕೆ ಎದುರು ದುಂದು. ಜಿಪುಣನಿಗೆ ಎದುರು ದುಂದುಗಾರನಲ್ಲ, ಕೊಡುಗೈಯವನು. ಅಂದರೆ ಅಳತೆಗೋಲು ಎರಡು. ಒಂದು, ಖರ್ಚಿಗೆ ಲೆಕ್ಕ ಇದೆಯೋ ಇಲ್ಲವೋ ಎಂಬುದು. ಇನ್ನೊಂದು, ಕೈ ಬಿಚ್ಚುತ್ತದೋ ಇಲ್ಲವೋ ಎಂಬುದು. ಹಾಗಾಗಿಯೇ ಮಿತವ್ಯಯಿಯೂ ಕೊಡುಗೈಯವನೂ ಆದ ಮನುಷ್ಯ ಇರಬಲ್ಲ. ತನಗೆ ಒಂದೂ ಬೇಡ, ಬಂದವರಿಗೆ ಇಲ್ಲ ಅನ್ನುವುದಿಲ್ಲ ಎನ್ನುವಂಥವನು. ಜಿಪುಣನೂ ದುಂದುಗಾರನೂ ಆದವನೂ ಇರಬಲ್ಲ: ತನ್ನ ಶೋಕಿಗೆ ನೀರಿನಂತೆ ಸುರಿದು, ಕೆಲಸದಾಕೆಯ ಸಂಬಳದಲ್ಲಿ ನಾಗಾ ಹಿಡಿಯುವವನು. ಫಲಕದ ಉದಾಹರಣೆಗಳನ್ನು ಇದರ ಮೇಲೆ ಉಜ್ಜಿ ನೋಡಿ. 'ಅಗ್ಗದ್ದೇ ಕೊಳ್ಳುತ್ತಾರೆ' ಎಂಬುದು ಬಲಗಡೆಯ ಕಾಲಂನಲ್ಲಿದ್ದರೆ ತೆಗೆಸಿ. ಅಗ್ಗದ್ದು ಕೊಳ್ಳುವುದು ಜಿಪುಣತನವಲ್ಲ. ಎಷ್ಟೋ ಸಲ ಅದು ಮಿತವ್ಯಯವೂ ಅಲ್ಲ. ಎರಡು ಪಟ್ಟು ಬೆಲೆಯ ಚಪ್ಪಲಿ ನಾಲ್ಕು ಪಟ್ಟು ಬಾಳಿಕೆ ಬಂದರೆ ದುಬಾರಿಯದ್ದೇ ಮಿತವ್ಯಯ.

ಇನ್ನು ನುಡಿ. ಕನ್ನಡದಲ್ಲಿ ಈ ವ್ಯತ್ಯಾಸವನ್ನು ಹೊರುವುದು ನಾಮಪದವಲ್ಲ, ಒಂದು ಸ್ವರ.

ಔಷಧಿಗೆ ಲೆಕ್ಕ ಹಾಕುತ್ತಾರೆ.
ಔಷಧಿಗೂ ಲೆಕ್ಕ ಹಾಕುತ್ತಾರೆ.

ಮೊದಲನೆಯವರು ಖರ್ಚು ಬರೆದಿಡುವವರು. ಎರಡನೆಯವರ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಬದಲಾದದ್ದು ಒಂದು 'ಊ' ಮಾತ್ರ. ಲೆಕ್ಕ ಹಾಕಬಾರದ ಜಾಗಕ್ಕೆ ಲೆಕ್ಕ ನುಗ್ಗಿತು ಎಂದು ಅದೊಂದೇ ಹೇಳುತ್ತದೆ. ಆದ್ದರಿಂದ ವಿವರಣೆಯ ಸಾಲನ್ನು ಹೀಗೆ ಕಟ್ಟಬಹುದು:

ಎಡ: ಬೇಡದ್ದಕ್ಕೆ ಖರ್ಚು ಮಾಡದವರು
ಬಲ: ಬೇಕಾದ್ದಕ್ಕೂ ಖರ್ಚು ಮಾಡದವರು

ತಲಾ ಮೂರು ಪದ. ಬಹುವಚನವಾದ್ದರಿಂದ ಹೆಣ್ಣು ಗಂಡೆಂಬ ಪ್ರಶ್ನೆ ಏಳುವುದಿಲ್ಲ. ತಲೆಬರಹ ಏನೇ ಇರಲಿ, ಈ ಸಾಲು ಅರ್ಥ ಕಾಯುತ್ತದೆ.

ತಲೆಬರಹಕ್ಕೆ ಉಳಿದ ಪದಗಳಲ್ಲಿ 'ಉಳಿತಾಯ' ಬೇಡ. ಅದು ಫಲ, ನಡವಳಿಕೆಯಲ್ಲ, ಜಿಪುಣನೂ ಉಳಿಸುತ್ತಾನೆ. 'ಲೋಭಿ' ಬೇಡ, ಅಲ್ಲಿ ಇನ್ನಷ್ಟು ಬೇಕೆಂಬ ಆಸೆ ಮುಂದಿದೆ. ಜಿಪುಣನಿಗೆ ಇದ್ದದ್ದು ಕೈಬಿಡದಿದ್ದರೆ ಸಾಕು. 'ಕಂಜೂಸ್', 'ಜುಗ್ಗ' ಬೈಗುಳಕ್ಕೆ ಹತ್ತಿರ. 'ಹಿತಮಿತ' ಊಟಕ್ಕೆ, ಮಾತಿಗೆ ಒಗ್ಗಿದ ಪದ. ಮಾತೆಂದಾಗ ನೆನಪಾಯಿತು: ಕಡಿಮೆ ಮಾತಾಡುವವರು ಮಿತಭಾಷಿ, ಒಂದು ಒಳ್ಳೆ ಮಾತನ್ನೂ ಆಡದವರು ಮಾತಿನಲ್ಲಿ ಜಿಪುಣರು. ಹಣದಲ್ಲಿ ಗೋಜಲಾಗುವ ಗೆರೆ ಮಾತಿನಲ್ಲಿ ಎಷ್ಟು ಚೊಕ್ಕವಾಗಿದೆ ನೋಡಿ.

* * *

ಮರು: ಜಿಪುಣ ಶಬ್ದದ ಮೂಲ

ಮೂಲ ತಿಳಿಯದೆ ಅರ್ಥ ಚರ್ಚಿಸುವುದು ವ್ಯರ್ಥ. ಜಿಪುಣ ಎಂಬುದು ಸಂಸ್ಕೃತದ ಕೃಪಣ. ಕೃಪಣ ಶಬ್ದಕ್ಕೆ ಮೊದಲ ಅರ್ಥ ಜಿಪುಣನಲ್ಲ. ದೀನ, ಕನಿಕರಕ್ಕೆ ಪಾತ್ರನಾದವನು. ಕೃಪೆಯೂ ಅದೇ ಧಾತುವಿನ ಕಡೆಯದು. ಗೀತೆಯ 2ನೇ ಅಧ್ಯಾಯದಲ್ಲಿ ಅರ್ಜುನ ತನಗೆ ಬಂದಿದೆ ಎನ್ನುವ 'ಕಾರ್ಪಣ್ಯದೋಷ' ದುಡ್ಡಿನ ಜಿಪುಣತನವಲ್ಲ, ಮನಸ್ಸಿನ ದೈನ್ಯ. ಅದೇ ಅಧ್ಯಾಯದ 49ನೇ ಶ್ಲೋಕದಲ್ಲಿ ಫಲಕ್ಕಾಗಿ ಕರ್ಮ ಮಾಡುವವರನ್ನು ಕೃಪಣರು ಎಂದಿದೆ. ಇಂಗ್ಲಿಷಿನ 'ಮೈಸರ್' ಕೂಡ ಲ್ಯಾಟಿನ್‌ನಲ್ಲಿ ದೀನ, ದುಃಖಿ ಎಂಬ ಅರ್ಥದ ಪದವೇ. ಆದ್ದರಿಂದ ಫಲಕದಲ್ಲಿ 'ಕಾರ್ಪಣ್ಯ' ಎಂದೇ ಹಾಕುವುದು ಶಾಸ್ತ್ರಶುದ್ಧ.

* * *

ಮರು: ಮರು: ಜಿಪುಣ ಶಬ್ದದ ಮೂಲ

ಕೃಪಣದ ಬಗ್ಗೆ ಹೇಳಿದ್ದೆಲ್ಲ ಸರಿ. ಜಿಪುಣಕ್ಕೆ ಗಂಟು ಹಾಕಿದ್ದು ಸರಿಯಲ್ಲ.

ಇ, ಎ ಸ್ವರಗಳ ಮುಂದೆ ಕಕಾರ ಚಕಾರವಾಗುವುದು ತೆಲುಗಿನ ಚಾಳಿ, ನಮ್ಮದಲ್ಲ. ನಮ್ಮ ಕಿವಿ ಅವರಲ್ಲಿ ಚೆವಿ, ನಮ್ಮ ಕೆರೆ ಅವರಲ್ಲಿ ಚೆರುವು. ಕನ್ನಡ ಕಕಾರವನ್ನು ಗಟ್ಟಿಯಾಗಿ ಉಳಿಸಿಕೊಂಡ ಭಾಷೆ. ಸಂಸ್ಕೃತದ ಕೃಷ್ಣನೂ ನಮ್ಮ ಬಾಯಲ್ಲಿ ಕಿಟ್ಟ, ಕಿಟ್ಟಪ್ಪ ಆದನೇ ಹೊರತು ಜಿಟ್ಟಪ್ಪ ಆಗಲಿಲ್ಲ. ಕೃಪಣ ಮಾತ್ರ ಜಿಪುಣವಾಯಿತು ಅನ್ನಬೇಕಾದರೆ ಕ ಏಕೆ ಜ ಆಯಿತು, ಪ ಏಕೆ ಪು ಆಯಿತು, ಎರಡಕ್ಕೂ ಇನ್ನೊಂದೊಂದು ಜೋಡಿ ಪದ ತೋರಿಸಿ. ಸದ್ದು ಹತ್ತಿರ, ಅರ್ಥ ಹತ್ತಿರ ಎಂದ ಮಾತ್ರಕ್ಕೆ ನಂಟಸ್ತಿಕೆ ಆಗುವುದಿಲ್ಲ. ಹಾಗೆ ನೋಡಿದರೆ ಸದ್ದಿನಲ್ಲಿ 'ನಿಪುಣ' ಇನ್ನೂ ಹತ್ತಿರ.

ಹದಿಮೂರು ವರ್ಷದ ಮಗುವಿಗೆ 'ಕಾರ್ಪಣ್ಯ' ಓದಿಸುವ ಸಲಹೆ ಬಗ್ಗೆ ಏನೂ ಹೇಳುವುದಿಲ್ಲ.

* * *

ಮರು: ಎರವಲು ಸಾಕು

ಇಲ್ಲಿಯವರೆಗಿನ ಪಟ್ಟಿ ನೋಡಿ: ಮಿತ ಸಂಸ್ಕೃತ, ವ್ಯಯ ಸಂಸ್ಕೃತ, ಲೋಭ ಸಂಸ್ಕೃತ, ಕಂಜೂಸ್ ಹಿಂದಿ, ಖರ್ಚು ಪಾರಸಿ. ಕನ್ನಡದವರಿಗೆ ದುಡ್ಡು ಹಿಡಿಯಲು ತಮ್ಮದೇ ಪದ ಇಲ್ಲವೇ? 'ಹದವೆಚ್ಚ' ಎನ್ನಿ, 'ಬಿಗಿಗೈ' ಎನ್ನಿ. ಕೊಡುಗೈ ಇರುವಾಗ ಬಿಗಿಗೈ ಏಕಾಗಬಾರದು? ನಾಲ್ಕು ಅಕ್ಷರ, ಮೂರು ಅಕ್ಷರ. ಜಾಗವೂ ಉಳಿಯಿತು, ನುಡಿಯೂ ಉಳಿಯಿತು.

* * *

ಮರು: ಮರು: ಎರವಲು ಸಾಕು

ಸ್ವಾಮಿ, 'ವೆಚ್ಚ'ವನ್ನು ನಿಘಂಟುಗಳು ವ್ಯಯದ ತದ್ಭವ ಎಂದೇ ಕೊಡುತ್ತವೆ. ಮುಂಬಾಗಿಲಿನಿಂದ ಓಡಿಸಿದ್ದನ್ನು ಹಿತ್ತಿಲಿನಿಂದ ಒಳಗೆ ಕರೆದಿರಿ. 'ಹಣ'ವನ್ನೂ ಸಂಸ್ಕೃತದ ಪಣಕ್ಕೇ ಒಯ್ದು ಕಟ್ಟುತ್ತಾರೆ, ಹಾಲು ಹಿಂದೆ ಪಾಲು ಆಗಿದ್ದಂತೆ. ಅದನ್ನೂ ಬಿಡುತ್ತೀರಾ?

'ಬಿಗಿಗೈ' ಸಂಧಿ ಚೆನ್ನಾಗಿದೆ, ಅರ್ಥ ಕೈಕೊಡುತ್ತದೆ. 'ಈ ತಿಂಗಳು ಕೈ ಬಿಗಿ' ಅಂದರೆ ಯಾರಿಗಾದರೂ ತಿಳಿಯುವುದು ದುಡ್ಡಿಲ್ಲ ಎಂದು. 'ಕೈ ಬಿಗಿ ಹಿಡಿದು ಖರ್ಚು ಮಾಡು' ಅಂದರೆ ಬುದ್ಧಿವಾದ. 'ಬಿಗಿಮುಷ್ಟಿಯವನು' ಅಂದಾಗ ಮಾತ್ರ ಜಿಪುಣ. ಒಂದೇ 'ಬಿಗಿ'ಯಲ್ಲಿ ಬಡವ, ಜಾಣ, ಜಿಪುಣ ಮೂವರೂ ಕೂತಿದ್ದಾರೆ. ಯಾವುದನ್ನು ಬೇರ್ಪಡಿಸಲು ಫಲಕ ಮಾಡುತ್ತಿದ್ದಾರೋ ಅದನ್ನೇ ಈ ಪದ ಕಲಸಿಹಾಕುತ್ತದೆ.

ಖರ್ಚಿನ ಮೇಲೆ ಅಷ್ಟು ಸಿಟ್ಟು ಏಕೆ? ಪಾರಸಿಯವರಿಗೂ ಅದು ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ 'ಹೊರಗೆ ಹೋಗುವುದು'. ವ್ಯಯವೂ ಅದೇ, ವಿ ಸೇರಿಸಿ 'ಹೋಗು' ಎಂಬ ಧಾತು. ಎರಡು ದಿಕ್ಕಿನವರು ದುಡ್ಡಿನ ಬಗ್ಗೆ ಒಂದೇ ಮಾತು ಕಂಡುಕೊಂಡಿದ್ದಾರೆ. ಜಮಾ, ಬಾಕಿ, ವಸೂಲಿ ಎಲ್ಲ ಆ ಕಡೆಯಿಂದ ಬಂದವೇ. ಲೆಕ್ಕದ ಪುಸ್ತಕ ಬರೆದವರ ನುಡಿ ಲೆಕ್ಕದ ಪದಗಳಲ್ಲಿ ಉಳಿಯುತ್ತದೆ. ನಮ್ಮ ಕಡೆಯ 'ಕಾಸು' ಕೂಡ ಪೋರ್ಚುಗೀಸರ ಬಾಯಿ ಹೊಕ್ಕು ಇಂಗ್ಲಿಷಿನಲ್ಲಿ ಚಿಲ್ಲರೆ ನಾಣ್ಯದ ಹೆಸರಾಯಿತು. ಅವರು ವಾಪಸು ಕೊಟ್ಟಿಲ್ಲ.

* * *

ಮರು: ಮರು: ಮರು: ಎರವಲು ಸಾಕು

ತದ್ಭವವಾದರೆ ಅದು ಕನ್ನಡವೇ. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ಅದಕ್ಕೊಂದು ಪ್ರಕರಣ ಇಟ್ಟಿದ್ದಾನೆ. ಎರವಲು ಬೇಡ ಎಂದರೆ ಅಗಿಯದೆ ನುಂಗುವುದು ಬೇಡ ಎಂದರ್ಥ. ವ್ಯಯವನ್ನು ಅಗಿದರೆ ವೆಚ್ಚ. ಅಗಿದದ್ದನ್ನು ಬಿಟ್ಟು ಇಡಿಯಾದದ್ದನ್ನೇ ಮಕ್ಕಳ ಬಾಯಿಗೆ ತುರುಕುವುದು ಏಕೆ?

* * *

ಮರು: ಅರಿಸಮಾಸ

ಹಾಗಾದರೆ ಯಾರೋ ಈಗ 'ಮಿತವೆಚ್ಚ' ಎಂದು ತರುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಮಿತ ತತ್ಸಮ, ವೆಚ್ಚ ತದ್ಭವ, ಕೂಡಿಸಿದರೆ ಅರಿಸಮಾಸ, ಅಂದರೆ ಸಲ್ಲದ ಜೋಡಿ. 'ಮಿತಖರ್ಚು' ಇನ್ನೂ ಅಧ್ವಾನ. 'ಮಿತವ್ಯಯತನ' ಎಂದು ಬರೆಯುವವರೂ ಇದ್ದಾರೆ, ದಯವಿಟ್ಟು ಬೇಡ. ತನ ಹತ್ತುವುದು ಗುಣ ಇರುವವರ ಹೆಸರಿಗೆ: ಜಾಣತನ, ಜಿಪುಣತನ. ವ್ಯಯ ಯಾರ ಹೆಸರು? 'ಜಿಪುಣತೆ'ಯೂ ಬೇಡ.

* * *

ಮರು: ಮಿತವ್ಯಯಿ ಮತ್ತು ಜಿಪುಣ

ಪ್ರಶ್ನೆ ಕೇಳಿದವಳು ನಾನು. ಎಲ್ಲರಿಗೂ ವಂದನೆ. ತಲೆಬರಹ 'ಮಿತವ್ಯಯ', 'ಜಿಪುಣತನ' ಎಂದೇ ಇಡುತ್ತಿದ್ದೇನೆ. ಕೆಳಗಿನ ಸಾಲು ಗುಣಕ್ಕೆ ಹೊಂದಬೇಕಲ್ಲ, ಅದಕ್ಕೆ 'ಮಾಡದವರು' ಬದಲು 'ಮಾಡದಿರುವುದು' ಎಂದು ತಿದ್ದಿದೆ. ಅಗ್ಗದ ಸಾಮಾನಿನ ಉದಾಹರಣೆ ಕಿತ್ತು, ತೊಟ್ಟಿಕ್ಕುವ ನಲ್ಲಿ ಹಾಕಿದ್ದೇನೆ: ಎಡಗಡೆ ವಾಷರ್ ಬದಲಿಸುವವರು, ಬಲಗಡೆ ವಾಷರಿನ ದುಡ್ಡು ಉಳಿಸಲು ನೀರು ಹರಿಯಬಿಡುವವರು.

ಒಂದು ತಾಂತ್ರಿಕ ಪ್ರಶ್ನೆ. ಅಚ್ಚಿನವರು ಯೂನಿಕೋಡ್ ಒಲ್ಲೆ ಅನ್ನುತ್ತಾರೆ, 'ನುಡಿ' ತಂತ್ರಾಂಶದ ಹಳೆ ಫಾಂಟಿಗೆ ಬದಲಿಸಿ ಕೊಡಬೇಕಂತೆ. ಏನಾದರೂ ಕೆಡುತ್ತದೆಯೇ?

* * *

ಮರು: ಮರು: ಮಿತವ್ಯಯಿ ಮತ್ತು ಜಿಪುಣ

ಕೆಡುತ್ತದೆ. ಮೊದಲು 'ಖರ್ಚು' ನೋಡಿ. ಹಳೆ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುವ ಬೇರೆ ಗುರುತು, ಯೂನಿಕೋಡ್‌ನಲ್ಲಿ ರಕಾರ ಮುಂಚೆಯೇ ಇರುತ್ತದೆ. ಬದಲಿಸುವ ತಂತ್ರಾಂಶ ಈ ಕ್ರಮವನ್ನು ತಪ್ಪಾಗಿ ಹಾಕಿದರೆ ಪದ ಗುರುತೇ ಸಿಗದಂತಾಗುತ್ತದೆ. ಎರಡನೆಯದು 'ಮಿತವ್ಯಯ'ದ ಯ ಒತ್ತು. ತಲೆಬರಹದ ಪಟ್ಟಿ ಗಿಡ್ಡವಾಗಿದ್ದರೆ ಅದರ ಬುಡ ಕತ್ತರಿಸಿಹೋಗುತ್ತದೆ, ಒತ್ತಿಗೆ ಅಕ್ಷರದ ಅರ್ಧದಷ್ಟಾದರೂ ಜಾಗ ಕೆಳಗೆ ಬಿಡಿಸಿ. ಬದಲಿಸಿದ ಕಡತ ಕಳಿಸಬೇಡಿ, ಅಕ್ಷರಗಳನ್ನು ಗೆರೆಚಿತ್ರವಾಗಿ ಮಾಡಿದ ಪಿಡಿಎಫ್ ಕಳಿಸಿ. ಅವರು ಬದಲಿಸಲೇಬೇಕು ಅಂದರೆ ಕರಡು ತರಿಸಿಕೊಂಡು ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಓದಿ.

* * *

ಮರು: ಜಿಪುಣ ಶಬ್ದದ ಮೂಲ

'ಜೀನ' ಎಂಬ ಪದ ಯಾರಿಗೂ ನೆನಪಾಗಲಿಲ್ಲವೇ? ಜೀನ ಎಂದರೂ ಜಿಪುಣನೇ, ಜೀನತನವೂ ಇದೆ. ಕೃಪಣದ ಹಂಗಿಲ್ಲದೆ ಜಕಾರದಿಂದ ಶುರುವಾಗುವ ಪದ. ಜಿಪುಣ, ಜುಗ್ಗ, ಜೀನ, ಜಿಗುಟು. ಅಂಟಿಕೊಳ್ಳುವ ಸದ್ದೇ ಇವುಗಳ ಮೂಲ ಇರಬಾರದೇಕೆ?

* * *

ಮರು: ಮರು: ಜಿಪುಣ ಶಬ್ದದ ಮೂಲ

ಜಾಣನೂ ಜಕಾರವೇ.

* * *

ಮರು: ಮಿತವ್ಯಯಿ ಮತ್ತು ಜಿಪುಣ (ಕರಡು ಲಗತ್ತಿಸಿದೆ)

ಅಚ್ಚಿನವರ ಕರಡು ಬಂತು. ಅರ್ಕಾವತ್ತು ಸರಿ ಇದೆ, ಯ ಒತ್ತು ಪೂರ್ತಿ ಕಾಣುತ್ತಿದೆ. ಇನ್ನು ಅರ್ಧ ಗಂಟೆಯಲ್ಲಿ ಒಪ್ಪಿಗೆ ಕೊಡಬೇಕು. ಅಕ್ಷರ ತಪ್ಪಿದ್ದರೆ ಮಾತ್ರ ತಿಳಿಸಿ, ಪದ ಬದಲಿಸಲು ಸಮಯವಿಲ್ಲ.

* * *

ಮರು: ಮರು: ಮಿತವ್ಯಯಿ ಮತ್ತು ಜಿಪುಣ (ಕರಡು ಲಗತ್ತಿಸಿದೆ)

ನಿಲ್ಲಿಸಿ. ಬಲಗಡೆ ಸಾಲು 'ಬೇಕಾದ್ದಕ್ಕೆ ಖರ್ಚು ಮಾಡದಿರುವುದು' ಎಂದಿದೆ. ಎಡಗಡೆಯ 'ಕ್ಕೆ' ನೋಡಿ ಯಾರೋ ಇಲ್ಲೂ ಅದನ್ನೇ ಹೊಂದಿಸಿದ್ದಾರೆ. ಕ್ಕೂ ಆಗಬೇಕು. ಎತ್ವ ತೆಗೆಸಿ, ಕೊಂಬಿನ ದೀರ್ಘ ಹಾಕಿಸಿ.