ಕಾರ್ಟಿಸಾಲ್ ರಿಪೋರ್ಟ್ ನಾರ್ಮಲ್ ಬಂದಿದೆ, ಹಾಗಾದ್ರೆ ಅಣ್ಣನಿಗೆ ಡಿಪ್ರೆಶನ್ ಇಲ್ವಾ?

ಗೋಣಿಕೊಪ್ಪದ ತಂಗಿ
ಎಲ್ಲರಿಗೂ ನಮಸ್ಕಾರ. ನಮ್ಮದು ಗೋಣಿಕೊಪ್ಪ ಹತ್ರ ಕಾಫಿ ತೋಟ, ಅಣ್ಣನಿಗೆ 38 ವರ್ಷ, ತೋಟ ಪೂರ್ತಿ ಅವನೇ ನೋಡ್ಕೊಳ್ಳೋದು. ಏಪ್ರಿಲ್‌ನಿಂದ ಅವನು ಮೊದಲಿನ ಹಾಗೆ ಇಲ್ಲ. ಬೆಳಗಿನ ಜಾವ ಮೂರೂವರೆಗೇ ಎಚ್ಚರ ಆಗಿ ಜಗಲಿ ಮೇಲೆ ಕತ್ತಲಲ್ಲಿ ಕೂತಿರ್ತಾನೆ, ಊಟ ಅರ್ಧಕ್ಕೇ ಬಿಟ್ಟು ಏಳ್ತಾನೆ, ಬೆಲ್ಟಿಗೆ ಎರಡು ಹೊಸ ತೂತು ಹೊಡ್ಕೊಂಡಿದಾನೆ. ಆಳುಗಳು ಬಂದು ಅಂಗಳದಲ್ಲಿ ನಿಂತ್ರೂ ಇವತ್ತು ಯಾವ ಕೆಲಸ ಅಂತ ಹೇಳೋಕೆ ಆಗಲ್ಲ. ನಮ್ಮ ಕೊಡಗಿನ ಮಳೆಗಾಲದ ಹಬ್ಬ ಕಕ್ಕಡ ಹದಿನೆಂಟಕ್ಕೆ ಅಮ್ಮ ಮದ್ದು ಸೊಪ್ಪಿನ ಪಾಯಸ ಮಾಡಿದ್ರು, ಪ್ರತಿ ವರ್ಷ ಎರಡು ಬಟ್ಟಲು ಕೇಳಿ ಹಾಕಿಸ್ಕೊಳ್ತಿದ್ದವನು ಈ ಸಲ ಬಟ್ಟಲು ಮುಂದೆ ಇಟ್ಕೊಂಡು ಆ ನೇರಳೆ ಬಣ್ಣದ ಮೇಲೆ ಕೆನೆ ಕಟ್ಟೋ ತನಕ ಸುಮ್ನೆ ನೋಡ್ತಾ ಕೂತಿದ್ದ.

ಬೆಂಗಳೂರಲ್ಲಿರೋ ಚಿಕ್ಕಪ್ಪನ ಮಗ ಸ್ಟ್ರೆಸ್ ಹಾರ್ಮೋನ್ ಟೆಸ್ಟ್ ಮಾಡಿಸಿ, ಡಿಪ್ರೆಶನ್ ಇದ್ರೆ ರಕ್ತದಲ್ಲೇ ಗೊತ್ತಾಗುತ್ತೆ ಅಂದ, ಮಾಡಿಸಿದ್ವಿ. ಕಾರ್ಟಿಸಾಲ್ 11.4, ಪಕ್ಕದಲ್ಲಿ 5ರಿಂದ 25 ನಾರ್ಮಲ್ ಅಂತ ಇದೆ. ಈಗ ಅಪ್ಪ ಆ ಕಾಗದ ಹಿಡ್ಕೊಂಡು "ನೋಡು, ಏನೂ ಇಲ್ಲ, ಬರೀ ಸೋಮಾರಿತನ" ಅಂತಿದಾರೆ. ಅಣ್ಣ ತಲೆ ತಗ್ಗಿಸಿ ಹೌದು ಅಂದುಬಿಟ್ಟ. ನಿಜವಾಗ್ಲೂ ಈ ಟೆಸ್ಟಲ್ಲಿ ಗೊತ್ತಾಗುತ್ತಾ? ದಯವಿಟ್ಟು ತಿಳಿದವರು ಹೇಳಿ.

ಲ್ಯಾಬ್ ಕುಶಾಲನಗರ
ಅಕ್ಕ, ನಾನು ಲ್ಯಾಬ್ ಟೆಕ್ನಿಷಿಯನ್. ಮೊದಲು ರಕ್ತ ತೆಗೆದ ಟೈಮ್ ನೋಡಿ, ರಿಪೋರ್ಟ್ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಇರುತ್ತೆ. ಕಾರ್ಟಿಸಾಲ್ ಅನ್ನೋದು ಮೂತ್ರಪಿಂಡದ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿಯಿಂದ ಬರುತ್ತೆ, ಬೆಳಿಗ್ಗೆ ಎಂಟರ ಹೊತ್ತಿಗೆ ಜಾಸ್ತಿ, ಸಂಜೆ ನಾಲ್ಕಕ್ಕೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿರುತ್ತೆ, ಮಧ್ಯರಾತ್ರಿಗೆ ತೀರಾ ಕಮ್ಮಿ. ಆ 5ರಿಂದ 25 ಬೆಳಗಿನ ಲೆಕ್ಕ. ಮತ್ತೆ ಅಣ್ಣ ಉಬ್ಬಸಕ್ಕೆ ಸ್ಟೀರಾಯ್ಡ್ ಇರೋ ಇನ್ಹೇಲರ್, ಸ್ಟೀರಾಯ್ಡ್ ಮಾತ್ರೆ, ಚರ್ಮಕ್ಕೆ ಸ್ಟೀರಾಯ್ಡ್ ಮುಲಾಮು ಏನಾದ್ರೂ ತಗೋತಾರಾ? ಅದರಿಂದಲೂ ಕಮ್ಮಿ ತೋರಿಸ್ಬಹುದು.

ಸರಿಯಾದ ಟೈಮಲ್ಲೇ ತೆಗೆದಿದ್ರೂ, ಡಾಕ್ಟ್ರು ಸಾಮಾನ್ಯವಾಗಿ ಈ ಟೆಸ್ಟ್ ಬರೆಯೋದು ಕುಶಿಂಗ್ಸ್, ಅಡಿಸನ್ಸ್ ಅನ್ನೋ ಗ್ರಂಥಿ ಕಾಯಿಲೆ ಡೌಟ್ ಇದ್ದಾಗ. ಡಿಪ್ರೆಶನ್ ಇಲ್ಲ ಅಂತ ಹೇಳೋಕೆ ಅಲ್ಲ.

ಗೋಣಿಕೊಪ್ಪದ ತಂಗಿ
ಈಗ ನೋಡಿದೆ, 3.40 ಪಿ.ಎಂ. ಅಂತಿದೆ! ಮಳೆಗೆ ಮರ ಬಿದ್ದು ರಸ್ತೆ ಬಂದ್ ಆಗಿತ್ತು, ಲ್ಯಾಬ್ ಹುಡುಗ ಬಂದಿದ್ದೇ ಊಟ ಆದ್ಮೇಲೆ. ಇನ್ಹೇಲರ್ ಕೂಡ ಇದೆ, ಮಳೆಗಾಲ ಪೂರ್ತಿ ತಗೋತಾನೆ. ಯಾರೂ ಕೇಳ್ಲೇ ಇಲ್ಲ ನಮ್ಮನ್ನ.

ಮನೋರೋಗ ಪಿಜಿ
ಸೈಕಿಯಾಟ್ರಿ ಓದ್ತಿರೋಳು, ಊರು ವಿರಾಜಪೇಟೆ. ನಿಮ್ಮ ಕಸಿನ್ ಹೇಳಿದ್ದು ಪೂರ್ತಿ ಗಾಳಿಮಾತಲ್ಲ, ಅದಕ್ಕೊಂದು ಹಳೇ ಕಥೆ ಇದೆ. ತುಂಬಾ ಜನ ಡಿಪ್ರೆಶನ್ ರೋಗಿಗಳಲ್ಲಿ ಕಾರ್ಟಿಸಾಲ್ ಜಾಸ್ತಿ ಇರೋದು ಮೊದಲೇ ಕಂಡಿತ್ತು. 1981ರಲ್ಲಿ ಬರ್ನಾರ್ಡ್ ಕ್ಯಾರಲ್ ಅನ್ನೋ ಮನೋವೈದ್ಯರು ತಮ್ಮ ತಂಡದ ಜೊತೆ ಡೆಕ್ಸಾಮೆಥಾಸೋನ್ (ಕಾರ್ಟಿಸಾಲ್ ತರದ್ದೇ ಒಂದು ಸ್ಟೀರಾಯ್ಡ್ ಮಾತ್ರೆ) ಟೆಸ್ಟ್ ಬಗ್ಗೆ ಬರೆದ್ರು. ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಡೋದು, ಮಾರನೇ ದಿನ ಸಂಜೆ 4ಕ್ಕೆ, ರಾತ್ರಿ 11ಕ್ಕೆ ರಕ್ತ ನೋಡೋದು. ಆರೋಗ್ಯವಾಗಿದ್ರೆ ಮೆದುಳು "ಸಾಕು" ಅಂತ ಗ್ರಂಥಿಗೆ ಹೇಳಿ ಕಾರ್ಟಿಸಾಲ್ ಇಳಿಯುತ್ತೆ, ಮೆಲಂಕೋಲಿಯಾ ಅನ್ನೋ ತೀವ್ರ ತರದ ಡಿಪ್ರೆಶನ್ ಇರೋ ಕೆಲವರಲ್ಲಿ ಇಳಿಯಲ್ಲ, 5 ಮೈಕ್ರೋಗ್ರಾಂಗಿಂತ ಮೇಲೇ ಇರುತ್ತೆ. ಆಗ ಎಲ್ಲರಿಗೂ ಎಷ್ಟು ಆಸೆ ಹುಟ್ಟಿತ್ತು ಅಂದ್ರೆ ಶುಗರ್ ಟೆಸ್ಟ್ ತರ ಮನಸ್ಸಿಗೂ ಒಂದು ಟೆಸ್ಟ್ ಸಿಕ್ತು ಅಂತ. ಆದ್ರೆ ಬರ್ತಾ ಬರ್ತಾ ಡಿಪ್ರೆಶನ್ ಇರೋರಲ್ಲಿ ಸುಮಾರು ಅರ್ಧ ಜನಕ್ಕೆ ಈ ಟೆಸ್ಟ್ ನಾರ್ಮಲ್ಲೇ ಬರುತ್ತೆ ಅಂತ ಗೊತ್ತಾಯ್ತು, ಆ ಕಡೆ ತೂಕ ಇಳಿದೋರಿಗೆ, ಕುಡಿತ ಬಿಡ್ತಿರೋರಿಗೆ, ಮರೆವಿನ ಕಾಯಿಲೆ ಇರೋ ವಯಸ್ಸಾದೋರಿಗೆ ಡಿಪ್ರೆಶನ್ ಇಲ್ಲದೇನೂ ಪಾಸಿಟಿವ್. ಹಾಗಾಗಿ ದಿನನಿತ್ಯದ ಚಿಕಿತ್ಸೆಯಲ್ಲಿ ನಿಲ್ಲಲಿಲ್ಲ.

ಸಂಶೋಧನೆ ನಿಂತಿಲ್ಲ. 2014ರಲ್ಲಿ ಕೇಂಬ್ರಿಡ್ಜ್‌ನವರು ಹದಿಹರೆಯದವರ ಬೆಳಗಿನ ಎಂಜಲಲ್ಲಿ ಕಾರ್ಟಿಸಾಲ್ ನೋಡಿದ್ರು, ಅದು ಜಾಸ್ತಿ ಇದ್ದು ಜೊತೆಗೆ ಡಿಪ್ರೆಶನ್ ಲಕ್ಷಣಗಳೂ ಜಾಸ್ತಿ ಇದ್ದ ಹುಡುಗರಿಗೆ, ಎರಡೂ ಇಲ್ಲದವರಿಗಿಂತ ಮುಂದೆ ಡಿಪ್ರೆಶನ್ ಬರೋ ಸಾಧ್ಯತೆ 14 ಪಟ್ಟು, ಹುಡುಗಿಯರಲ್ಲಿ 4 ಪಟ್ಟು. ಗಮನಿಸಿ, ಅಲ್ಲೂ ಹಾರ್ಮೋನ್ ಒಂದನ್ನೇ ನಂಬಿಲ್ಲ, ಲಕ್ಷಣ ಕೇಳಿದಾರೆ.

ನೀವು ಬರೆದಿರೋ ಬೆಳಗಿನ ಜಾವದ ಎಚ್ಚರ, ತೂಕ ಇಳಿದಿರೋದು, ನಿರ್ಧಾರ ತಗೊಳ್ಳೋಕಾಗ್ದೆ ಇರೋದು, ಆಸೆ ಹೋಗಿರೋದು, ನನಗೆ ಆ 11.4ಕ್ಕಿಂತ ಇದೇ ದೊಡ್ಡ ರಿಪೋರ್ಟ್. ಆದಷ್ಟು ಬೇಗ ಮನೋವೈದ್ಯರ ಹತ್ರ ಕರ್ಕೊಂಡು ಹೋಗಿ. ಇನ್ಹೇಲರ್ ಮಾತ್ರ ನೀವಾಗಿ ನಿಲ್ಲಿಸ್ಬೇಡಿ. "ನಾನಿಲ್ಲದಿದ್ರೆ ಒಳ್ಳೇದು" ಅನ್ನೋ ತರ ಯೋಚನೆ ಬರುತ್ತಾ ಅಂತ ಅಣ್ಣನ್ನೇ ನೇರವಾಗಿ ಕೇಳಿ, ಕೇಳಿದ್ರೆ ತಲೆಗೆ ಹೊಕ್ಕುತ್ತೆ ಅನ್ನೋ ಭಯ ಬೇಡ. ಹೌದು ಅಂದ್ರೆ ಒಬ್ಬನೇ ಬಿಡ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ರಾತ್ರಿ ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ.

ಸೋಮವಾರಪೇಟೆ ಬೆಳೆಗಾರ
ನೋಡಮ್ಮ, 2018ರ ಆಗಸ್ಟಲ್ಲಿ ನಮ್ಮ ತೋಟದ ಒಂದು ಬದಿ ಪೂರ್ತಿ ಜರಿದು ಹೊಳೆಗೆ ಹೋಯ್ತು. ಅದಾದ್ಮೇಲೆ ನಾನೂ ನಿಮ್ಮ ಅಣ್ಣನ ತರಾನೇ ಕೂತಿದ್ದೆ. ಡಾಕ್ಟ್ರು ರಕ್ತ ತೆಗೆಸಿದ್ರು, ಆದ್ರೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡೋಕೆ, ಅವು ಕಮ್ಮಿ ಇದ್ರೂ ಹೀಗೇ ಆಗುತ್ತಂತೆ. ಆಮೇಲೆ ಒಂಬತ್ತು ಪ್ರಶ್ನೆ ಇರೋ ಒಂದು ಹಾಳೆ ಕೊಟ್ರು, ಹೋದ ಎರಡು ವಾರದಲ್ಲಿ ಎಷ್ಟು ದಿನ ಹೀಗಾಯ್ತು ಅಂತ, 27ಕ್ಕೆ ನನಗೆ 19 ಬಂತು. ನಮ್ಮಪ್ಪ ಪಕ್ಕದಲ್ಲೇ ಕೂತಿದ್ರು, ನಾನು ಸುಮಾರು ಪ್ರಶ್ನೆಗಳಿಗೆ "ದಿನಾ" ಅಂತ ಟಿಕ್ ಹಾಕೋದನ್ನ ನೋಡ್ತಾ ಇದ್ರು, ವಾಪಸ್ ಬರುವಾಗ ಜೀಪಲ್ಲಿ ಒಂದು ಮಾತಾಡ್ಲಿಲ್ಲ, ಮನೆ ಗೇಟ್ ಹತ್ರ ಬಂದಾಗ "ಇಷ್ಟು ದಿನ ಯಾಕೋ ಹೇಳ್ಲಿಲ್ಲ" ಅಂದ್ರು. ನಿಮ್ಮ ಅಪ್ಪನ್ನೂ ಒಳಗೆ ಕರ್ಕೊಂಡು ಹೋಗಿ. ಮಾತ್ರೆ ಕೊಟ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು, ಒಂದೇ ವಾರಕ್ಕೆ ಬಿಡಿಸ್ಬೇಡಿ.

ಗೋಣಿಕೊಪ್ಪದ ತಂಗಿ
ರಾತ್ರಿ ಇದೆಲ್ಲಾ ಅಪ್ಪನಿಗೆ ಓದಿ ಹೇಳಿದೆ. 3.40 ಅಂತ ಇರೋದನ್ನ ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿದ್ರು. ಅಣ್ಣನ್ನ ನೇರವಾಗಿ ಕೇಳಿದೆ, ಸಾಯೋ ಯೋಚನೆ ಇಲ್ಲ ಅಂದ, ಆದ್ರೆ ತುಂಬಾ ಹೊತ್ತು ಅತ್ತ. ಗುರುವಾರ ಮಡಿಕೇರಿಗೆ ಹೋಗ್ತಿದೀವಿ, ಗಾಡಿ ಅಪ್ಪನೇ ಓಡಿಸ್ತಾರಂತೆ.